ನಾಯಿ ಕಚ್ಚಿದರೆ ಲಸಿಕೆಯೂ ಬೇಕು, ಗಾಯಕ್ಕೆ ಸೂಜಿಯೂ ಬೇಕು: ಯಾಕೆ?

ಪ್ರಶ್ನೆ: ನನ್ನ 8 ವರ್ಷದ ಮಗಳಿಗೆ ಹೋದ ವಾರ ಬೀದಿನಾಯಿ ಮೀನಖಂಡಕ್ಕೆ ಕಚ್ಚಿ ರಕ್ತ ಬಂತು. ತಾಲ್ಲೂಕು ಆಸ್ಪತ್ರೆಯಲ್ಲಿ ಎರಡೂ ತೋಳಿಗೆ ಲಸಿಕೆ ಕೊಟ್ಟರು. ಅದು ಸಾಲದು ಅಂತ ಗಾಯದ ಒಳಗೆ, ಸುತ್ತಲೂ ಐದಾರು ಕಡೆ ಚುಚ್ಚಿ ಇನ್ನೊಂದು ಔಷಧಿ ಹಾಕಿದರು. ಮಗು ಕಿರುಚಾಡಿದ್ದು ನೋಡೋಕಾಗಲಿಲ್ಲ. ಕೇಳಿದರೆ ‘ಅದು ಲಸಿಕೆ, ಇದು ಆ್ಯಂಟಿಬಾಡಿ’ ಅಂದರು. ಲಸಿಕೆ ಹಾಕಿಸಿಕೊಂಡರೆ ಮೈಯೇ ಆ್ಯಂಟಿಬಾಡಿ ಮಾಡಿಕೊಳ್ಳುತ್ತೆ ಅಂತಾರಲ್ಲ, ಮತ್ತೆ ಹೊರಗಿನಿಂದ ಯಾಕೆ? ಅವಳಿಗೆ ಇಮ್ಯುನಿಟಿ ಚೆನ್ನಾಗಿದೆ, ಜ್ವರ ಬರೋದೇ ಅಪರೂಪ. ಈ ಆ್ಯಂಟಿಬಾಡಿ ನಿಜವಾಗಿ ಏನು ಮಾಡುತ್ತೆ? ಮುಂದೆ ಮತ್ತೆ ನಾಯಿ ಕಚ್ಚಿದರೆ ಇದೇ ಪಾಡಾ?

ಉತ್ತರ: ಆಸ್ಪತ್ರೆಯವರು ಮಾಡಿದ್ದು ಪೂರ್ತಿ ಸರಿ. ಮಗು ಅತ್ತರೂ ಬಿಡದೆ ಗಾಯಕ್ಕೆ ಆ ಔಷಧಿ ಹಾಕಿದ್ದಾರಲ್ಲ, ಅದು ಎಲ್ಲಾ ಕಡೆ ಆಗುವುದಿಲ್ಲ. ಔಷಧಿ ಸ್ಟಾಕ್ ಇಲ್ಲ ಅಂತಲೋ, ಮಗು ಹೆದರುತ್ತೆ ಅಂತ ಮನೆಯವರೇ ಬೇಡ ಅಂದರು ಅಂತಲೋ, ಬರೀ ಲಸಿಕೆ ಹಾಕಿ ಕಳಿಸುವುದೂ ಉಂಟು. ರಕ್ತ ಬಂದ ಗಾಯಕ್ಕೆ ಅಷ್ಟು ಸಾಲದು. ಯಾಕೆ ಸಾಲದು ಅನ್ನುವುದರಲ್ಲೇ ನಿಮ್ಮ ಪ್ರಶ್ನೆಯ ಮುಕ್ಕಾಲು ಉತ್ತರ ಇದೆ.

ನಾಯಿ ಕಚ್ಚಿದಾಗ ಏನಾಗುತ್ತೆ ಅಂತ ಮೊದಲು ನೋಡೋಣ. ಆ ನಾಯಿಗೆ ರೇಬೀಸ್ ಇದ್ದರೆ ಅದರ ಜೊಲ್ಲಿನಲ್ಲಿ ವೈರಸ್ ಇರುತ್ತೆ. ಹಲ್ಲು ಊರಿದ ಜಾಗದಲ್ಲಿ ಅದು ಮಾಂಸದೊಳಗೆ ಇಳಿಯುತ್ತೆ. ಬಂದೂಕಿನ ಗುಂಡಿನ ಆಕಾರದ ವೈರಸ್ ಇದು, ಉದ್ದ ಸುಮಾರು 180 ನ್ಯಾನೋಮೀಟರ್. ಉದ್ದುದ್ದಕ್ಕೆ ಜೋಡಿಸಿದರೆ ಒಂದು ಮಿಲಿಮೀಟರಿನಲ್ಲಿ ಐದು ಸಾವಿರಕ್ಕೂ ಹೆಚ್ಚು ಕೂರುತ್ತವೆ. ಮೈ ಮೇಲೆ ಪೂರ್ತಿ ಸಣ್ಣ ಸಣ್ಣ ಮೊಳೆಗಳಿರುತ್ತವೆ. ಅದು ಒಂದು ಪ್ರೋಟೀನ್, ಹೆಸರು ಜಿ-ಪ್ರೋಟೀನ್. ವೈರಸ್ ಜೀವಕೋಶಕ್ಕೆ ಅಂಟಿಕೊಳ್ಳುವುದು ಈ ಮೊಳೆಯಿಂದಲೇ. ಮಾಂಸಖಂಡಕ್ಕೆ ನರ ಬಂದು ಸೇರುವ ತುದಿಯಲ್ಲಿ ಅದು ಅಂಟಿಕೊಂಡು ನರದೊಳಗೆ ನುಗ್ಗುತ್ತೆ. ಒಮ್ಮೆ ಒಳಗೆ ಹೋಯಿತು ಅಂದರೆ ನರದ ಒಳಗಿನ ಸಾಗಾಟದ ವ್ಯವಸ್ಥೆಯನ್ನೇ ಬಳಸಿಕೊಂಡು ಬೆನ್ನುಹುರಿ ಕಡೆಗೆ, ಅಲ್ಲಿಂದ ಮೆದುಳಿಗೆ ಹೊರಡುತ್ತೆ. ಕಾಯಿಲೆಯ ಲಕ್ಷಣ ಕಾಣಲು ಸಾಮಾನ್ಯವಾಗಿ ಎರಡು ಮೂರು ತಿಂಗಳು ಹಿಡಿಯುತ್ತೆ, ಕೆಲವೊಮ್ಮೆ ಒಂದೇ ವಾರ, ಅಪರೂಪಕ್ಕೆ ವರ್ಷ. ಮುಖಕ್ಕೋ ಕತ್ತಿಗೋ ಕಚ್ಚಿದ್ದರೆ ದಾರಿ ಹತ್ತಿರ, ಕಾಲಿಗೆ ಕಚ್ಚಿದ್ದರೆ ದೂರ. ಮಕ್ಕಳು ಗಿಡ್ಡ ಇರುವುದರಿಂದ ಅವರಿಗೆ ಮುಖಕ್ಕೆ, ತಲೆಗೆ ಕಚ್ಚಿಸಿಕೊಳ್ಳುವ ಅಪಾಯ ಜಾಸ್ತಿ. ಲಕ್ಷಣ ಶುರುವಾದ ಮೇಲೆ ಉಳಿದವರು ಜಗತ್ತಿನಲ್ಲೇ ಬೆರಳೆಣಿಕೆಯಷ್ಟು.

ಈಗ ಆ್ಯಂಟಿಬಾಡಿ ವಿಷಯ. ಪ್ರತಿಕಾಯ ಅಂತ ಪಾಠದಲ್ಲಿ ಓದಿರುತ್ತೀರಿ, ಕೋವಿಡ್ ಆದ ಮೇಲೆ ಎಲ್ಲರೂ ಆ್ಯಂಟಿಬಾಡಿ ಅಂತಲೇ ಹೇಳುತ್ತಾರೆ. ಇದು ಜೀವಕೋಶ ಅಲ್ಲ, ಒಂದು ಪ್ರೋಟೀನ್ ಅಷ್ಟೇ. ಎರಡು ಕೈ, ಒಂದು ಬಾಲ ಇರುವ ರಚನೆ. ಎರಡು ಕೈಗಳ ತುದಿಯೂ ಒಂದೇ ರೀತಿ ಇರುತ್ತೆ, ಆ ತುದಿ ಯಾವುದಾದರೂ ಒಂದು ನಿರ್ದಿಷ್ಟ ಆಕಾರವನ್ನು ಮಾತ್ರ ಹಿಡಿಯುತ್ತೆ. ರೇಬೀಸ್‌ನ ಜಿ-ಪ್ರೋಟೀನ್ ಹಿಡಿಯುವ ಆ್ಯಂಟಿಬಾಡಿ ಡೆಂಗಿ ವೈರಸ್ಸನ್ನು ಮುಟ್ಟುವುದೂ ಇಲ್ಲ. ಇದರ ರಚನೆಯನ್ನು ಬಿಡಿಸಿ ತೋರಿಸಿದ್ದಕ್ಕೆ ಜೆರಾಲ್ಡ್ ಎಡೆಲ್ಮನ್ ಮತ್ತು ರಾಡ್ನಿ ಪೋರ್ಟರ್‌ಗೆ 1972ರಲ್ಲಿ ನೊಬೆಲ್ ಬಂತು.

ಆ್ಯಂಟಿಬಾಡಿ ವೈರಸ್ಸನ್ನು ಕೊಲ್ಲುತ್ತೆ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತಾನೇ ನೇರವಾಗಿ ಕೊಲ್ಲುವುದಿಲ್ಲ. ಅದು ಹೋಗಿ ಹಿಡಿದುಕೊಳ್ಳುತ್ತೆ. ರೇಬೀಸ್ ವೈರಸ್‌ನ ಮೊಳೆಗಳ ಮೇಲೆ ಬೇಕಾದಷ್ಟು ಆ್ಯಂಟಿಬಾಡಿ ಕೂತುಬಿಟ್ಟರೆ ಆ ಮೊಳೆ ನರದ ತುದಿಗೆ ತಾಗುವುದೇ ಇಲ್ಲ. ವೈರಸ್ ಅಲ್ಲೇ ಇರುತ್ತೆ, ಆದರೆ ಒಳಗೆ ಹೋಗಲಾರದು. ಜೀವಕೋಶದ ಒಳಗೆ ಹೋಗಲಾಗದ ವೈರಸ್ ಒಂದೇ ಒಂದು ಮರಿಯನ್ನೂ ಮಾಡಲಾರದು. ಇನ್ನು ಬಾಲದ ಕೆಲಸ ಬೇರೆ. ಮೈಯಲ್ಲಿ ಓಡಾಡುವ ಕಬಳಿಸುವ ಬಿಳಿ ರಕ್ತಕಣಗಳು ಈ ಬಾಲವನ್ನು ಗುರುತು ಹಿಡಿದು, ಆ್ಯಂಟಿಬಾಡಿ ಅಂಟಿದ ವೈರಸ್ಸನ್ನು ಹಾಗೇ ನುಂಗಿ ಕರಗಿಸುತ್ತವೆ. ರಕ್ತದಲ್ಲಿರುವ ಕಾಂಪ್ಲಿಮೆಂಟ್ ಅನ್ನುವ ಇನ್ನೊಂದು ಗುಂಪಿನ ಪ್ರೋಟೀನ್‌ಗಳೂ ಆ ಬಾಲಕ್ಕೆ ಬಂದು ಸೇರಿಕೊಂಡು, ವೈರಸ್‌ನ ಕೊಬ್ಬಿನ ಹೊದಿಕೆಗೆ ತೂತು ಮಾಡಬಲ್ಲವು.

ನ್ಯುಮೋನಿಯಾ ತರುವ ಬ್ಯಾಕ್ಟೀರಿಯಾದಲ್ಲಿ ಈ ಬಾಲದ ಕೆಲಸವೇ ಮುಖ್ಯ, ಯಾಕೆಂದರೆ ಅದರ ಜಾರುವ ಹೊದಿಕೆಯಿಂದಾಗಿ ಬಿಳಿ ರಕ್ತಕಣಕ್ಕೆ ಹಿಡಿತವೇ ಸಿಗುವುದಿಲ್ಲ, ಆ್ಯಂಟಿಬಾಡಿ ಅಂಟಿದ ಮೇಲೆ ಸಿಗುತ್ತೆ. ಧನುರ್ವಾಯುವಿನಲ್ಲಿ ಮತ್ತೂ ಬೇರೆ: ಅಲ್ಲಿ ಆ್ಯಂಟಿಬಾಡಿ ಹಿಡಿಯುವುದು ರೋಗಾಣುವನ್ನಲ್ಲ, ಅದು ಉಗುಳುವ ವಿಷವನ್ನು. ನಿಮ್ಮ ಮಗಳಿಗೆ ಅವತ್ತೇ ಟಿಟಿಯನ್ನೂ ಹಾಕಿರಬಹುದು, ಅದು ಇದಕ್ಕೇ.

ಈ ಹಿಡಿಯುವ ಕೆಲಸ ಎಲ್ಲಾ ನಡೆಯುವುದು ಜೀವಕೋಶದ ಹೊರಗೆ. ರಕ್ತದಲ್ಲಿ, ಮಾಂಸದ ನಡುವಿನ ನೀರಿನಂಥ ದ್ರವದಲ್ಲಿ, ಗಾಯದಲ್ಲಿ. ವೈರಸ್ ನರದ ಒಳಗೆ ಸೇರಿಬಿಟ್ಟರೆ ಆ್ಯಂಟಿಬಾಡಿ ಅಲ್ಲಿಗೆ ಹೋಗಿ ಅದನ್ನು ಹಿಡಿಯುವುದು ಹೆಚ್ಚುಕಡಿಮೆ ಆಗದ ಮಾತು. ಮೆದುಳಿಗೂ ರಕ್ತಕ್ಕೂ ನಡುವೆ ಒಂದು ತಡೆ ಇದೆ, ಅದನ್ನು ದಾಟುವುದೂ ಕಷ್ಟ. ಹಾಗಾಗಿ ರೇಬೀಸ್‌ನಲ್ಲಿ ‘ಆ್ಯಂಟಿಬಾಡಿ ಇದೆಯಾ’ ಅಂತ ಕೇಳಿದರೆ ಸಾಲದು. ‘ಸರಿಯಾದ ಜಾಗದಲ್ಲಿ, ಸರಿಯಾದ ಹೊತ್ತಿಗೆ ಇತ್ತಾ’ ಅಂತ ಕೇಳಬೇಕು.

ಹಾಗಾದರೆ ಲಸಿಕೆ ಹಾಕಿದ ದಿನವೇ ಆ್ಯಂಟಿಬಾಡಿ ಬರೋದಿಲ್ವಾ? ಬರುವುದಿಲ್ಲ. ಮಗಳ ತೋಳಿನ ಚರ್ಮದಲ್ಲಿ ಹಾಕಿದ್ದು ನಿಷ್ಕ್ರಿಯಗೊಳಿಸಿದ, ಅಂದರೆ ಬೆಳೆಯಲಾಗದ ರೇಬೀಸ್ ವೈರಸ್. ಚರ್ಮದಲ್ಲಿ ಕಾವಲಿಗೆ ಇರುವ ಜೀವಕೋಶಗಳು ಅದನ್ನು ಹಿಡಿದು ಕಂಕುಳಿನ ದುಗ್ಧಗ್ರಂಥಿಗೆ (ಲಿಂಫ್ ನೋಡ್) ಹೊತ್ತುಕೊಂಡು ಹೋಗುತ್ತವೆ. ಅಲ್ಲಿ ಬಿ-ಜೀವಕೋಶ ಅನ್ನುವ ಬಿಳಿ ರಕ್ತಕಣಗಳಿವೆ. ಒಂದೊಂದರ ಮೈ ಮೇಲೂ ಒಂದೊಂದು ಆಕಾರದ ಆ್ಯಂಟಿಬಾಡಿ. ಆ್ಯಂಟಿಬಾಡಿಯ ಜೀನುಗಳು ತುಂಡು ತುಂಡಾಗಿ ಇದ್ದು, ಪ್ರತಿ ಬಿ-ಜೀವಕೋಶ ಹುಟ್ಟುವಾಗಲೂ ಆ ತುಂಡುಗಳು ಬೇರೆ ಬೇರೆ ರೀತಿ ಸೇರಿಕೊಳ್ಳುತ್ತವೆ, ಅದಕ್ಕೇ ಇಷ್ಟೊಂದು ವೈವಿಧ್ಯ. ಇದನ್ನು ಕಂಡುಹಿಡಿದ ಸುಸುಮು ಟೊನೆಗಾವಾಗೆ 1987ರಲ್ಲಿ ನೊಬೆಲ್ ಸಿಕ್ಕಿತು. ನಿಮ್ಮ ಮಗಳ ಮೈಯಲ್ಲಿ ರೇಬೀಸ್ ಮೊಳೆಯನ್ನು ಹಿಡಿಯಬಲ್ಲ ಬಿ-ಜೀವಕೋಶಗಳು ನಾಯಿ ಕಚ್ಚುವ ಮೊದಲೇ ಇದ್ದವು. ಆದರೆ ಬಹಳ ಕಡಿಮೆ. ಲಸಿಕೆ ಬಂದು ಅವನ್ನು ಎಬ್ಬಿಸಬೇಕು, ಟಿ-ಜೀವಕೋಶ ಅನ್ನುವ ಇನ್ನೊಂದು ಬಗೆಯ ಬಿಳಿ ರಕ್ತಕಣಗಳು ಬಂದು ಹೂಂ ಅನ್ನಬೇಕು, ಆಮೇಲೆ ಅವು ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚಬೇಕು, ಹೆಚ್ಚಿದವುಗಳಲ್ಲಿ ಕೆಲವು ಆ್ಯಂಟಿಬಾಡಿಯನ್ನು ಹೊರಗೆ ಸುರಿಯುವ ಕೋಶಗಳಾಗಿ ಬದಲಾಗಬೇಕು. ಹಾಗೆ ಬದಲಾದ ಒಂದೇ ಕೋಶ ಸೆಕೆಂಡಿಗೆ ಸಾವಿರಾರು ಆ್ಯಂಟಿಬಾಡಿ ಸುರಿಯುತ್ತೆ. ಆದರೆ ಅಲ್ಲಿಗೆ ತಲುಪಲು ದಿನಗಳು ಬೇಕೇ ಬೇಕು.

ಮೊದಲು ಬರುವುದು ಐಜಿಎಂ ಅನ್ನುವ ದೊಡ್ಡ ಬಗೆ, ಐದು ಆ್ಯಂಟಿಬಾಡಿ ಒಟ್ಟಿಗೆ ಸೇರಿದ್ದು, ಹತ್ತು ಹಿಡಿತ ಇರುವಂಥದ್ದು. ದೊಡ್ಡದಾದ್ದರಿಂದ ಅದು ರಕ್ತ ಬಿಟ್ಟು ಮಾಂಸದೊಳಗೆ ಅಷ್ಟು ಸುಲಭವಾಗಿ ಇಳಿಯುವುದಿಲ್ಲ. ನಿಜವಾಗಿ ಕೆಲಸಕ್ಕೆ ಬರುವ ಐಜಿಜಿ ಅದರ ಹಿಂದೆ ಬರುತ್ತೆ. ರೇಬೀಸ್ ಲಸಿಕೆಯಿಂದ ಸಾಕಷ್ಟು ಆ್ಯಂಟಿಬಾಡಿ ಬರಲು ಏಳರಿಂದ ಹದಿನಾಲ್ಕು ದಿನ ಹಿಡಿಯುತ್ತೆ. ಹದಿನಾಲ್ಕನೇ ದಿನಕ್ಕೆ ಆರೋಗ್ಯವಾಗಿರುವ ಬಹುತೇಕ ಎಲ್ಲರಲ್ಲೂ ಬೇಕಾದ ಮಟ್ಟ ಬಂದಿರುತ್ತೆ.

ಬಿತ್ತಿದ ದಿನವೇ ಯಾರ ಮನೆಯಲ್ಲೂ ಹೊಸ ಅಕ್ಕಿ ಅನ್ನ ಆಗುವುದಿಲ್ಲ, ಬೆಳೆ ಕೈಗೆ ಬರುವ ತನಕ ಅಂಗಡಿಯಿಂದ ಅಕ್ಕಿ ತರಲೇಬೇಕು. ಗಾಯಕ್ಕೆ ಹಾಕಿದ ಔಷಧಿ ಆ ಅಂಗಡಿ ಅಕ್ಕಿ. ಅದರ ಹೆಸರು ರೇಬೀಸ್ ಇಮ್ಯುನೊಗ್ಲಾಬ್ಯುಲಿನ್. ಲಸಿಕೆ ಪಡೆದ ಮನುಷ್ಯರ ಅಥವಾ ಕುದುರೆಗಳ ರಕ್ತದಿಂದ ತೆಗೆದ, ಮೊದಲೇ ತಯಾರಾಗಿರುವ ಆ್ಯಂಟಿಬಾಡಿ. ಹಾಕಿದ ಗಳಿಗೆಯಿಂದಲೇ ಕೆಲಸ ಶುರು. ಕೆಲವು ವಾರಗಳಲ್ಲಿ ಮೈ ಅದನ್ನು ಕರಗಿಸಿ ಹಾಕುತ್ತೆ, ನೆನಪೂ ಉಳಿಯುವುದಿಲ್ಲ. ಲಸಿಕೆಯಿಂದ ಬಂದದ್ದು ನಿಧಾನ, ಆದರೆ ಉಳಿಯುತ್ತೆ.

ಇದು ಬರೀ ಲೆಕ್ಕಾಚಾರದ ಮಾತಲ್ಲ. 1954ರಲ್ಲಿ ಇರಾನ್‌ನ ಒಂದು ಹಳ್ಳಿಗೆ ರೇಬೀಸ್ ತಗುಲಿದ ತೋಳವೊಂದು ನುಗ್ಗಿ 29 ಜನರನ್ನು ಕಚ್ಚಿತು. ಅವರಲ್ಲಿ 18 ಜನರಿಗೆ ತಲೆಗೇ ಗಾಯ. ಟೆಹರಾನ್‌ನ ಪಾಸ್ಚರ್ ಇನ್‌ಸ್ಟಿಟ್ಯೂಟಿನ ವೈದ್ಯರು ಅವರಿಗೆ ಚಿಕಿತ್ಸೆ ಕೊಟ್ಟರು. ತಲೆಗೆ ಗಾಯವಾದವರಲ್ಲಿ ಲಸಿಕೆ ಮಾತ್ರ ಪಡೆದವರು 5 ಜನ, ಅವರಲ್ಲಿ 3 ಜನ ಸತ್ತರು. ಲಸಿಕೆಯ ಜೊತೆ ಆ್ಯಂಟಿಬಾಡಿ ಇರುವ ಸೀರಮ್ಮನ್ನೂ (ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವ) ಪಡೆದವರು 13 ಜನ, ಸತ್ತದ್ದು ಒಬ್ಬರು. ಇವತ್ತು ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಎರಡನ್ನೂ ಒಟ್ಟಿಗೆ ಕೊಡುತ್ತಾರಲ್ಲ, ಅದರ ಬೇರು ಆ ಹಳ್ಳಿಯಲ್ಲಿದೆ. ಸೀರಮ್ಮಿನ ಐಡಿಯಾ ಅದಕ್ಕಿಂತಲೂ ಹಳೆಯದು. 1890ರಲ್ಲೇ ಬರ್ಲಿನ್‌ನಲ್ಲಿ ಎಮಿಲ್ ಫಾನ್ ಬೆರಿಂಗ್ ಮತ್ತು ಜಪಾನಿನ ಕಿತಾಸಾತೊ ಶಿಬಾಸಾಬುರೊ, ಧನುರ್ವಾಯು ತಡೆದುಕೊಳ್ಳುವಂತೆ ಮಾಡಿದ ಪ್ರಾಣಿಯ ಸೀರಮ್ ಇನ್ನೊಂದು ಪ್ರಾಣಿಯನ್ನು ಕಾಪಾಡುತ್ತೆ ಅಂತ ತೋರಿಸಿದ್ದರು. ಹಾವು ಕಚ್ಚಿದಾಗ ಕೊಡುವ ವಿಷನಿರೋಧಕ ಸೀರಮ್ ಕೂಡ ಇದೇ ತತ್ವದ್ದು, ಅದೂ ಕುದುರೆಯಿಂದಲೇ ಬರುವುದು.

ಇನ್ನು ತೋಳಿಗೋ ಸೊಂಟಕ್ಕೋ ಹಾಕದೆ ಗಾಯಕ್ಕೇ ಯಾಕೆ ಚುಚ್ಚಿದರು ಅನ್ನುವುದು. ಮೊದಲು ಸೊಂಟಕ್ಕೆ ಹಾಕುತ್ತಿದ್ದ ಕಾಲವೂ ಇತ್ತು. ಆದರೆ ಸೊಂಟಕ್ಕೆ ಹಾಕಿದ ಆ್ಯಂಟಿಬಾಡಿ ಮೈಯೆಲ್ಲಾ ಹರಡಿ, ಗಾಯದ ಹತ್ತಿರ ಸಿಗುವುದು ಅತ್ಯಲ್ಪ. ವೈರಸ್ ಇರುವುದು ಗಾಯದಲ್ಲಿ, ಹಲ್ಲು ಇಳಿದ ಆಳದಲ್ಲಿ. ಅಲ್ಲೇ ಆ್ಯಂಟಿಬಾಡಿ ದಟ್ಟವಾಗಿ ತುಂಬಿಕೊಂಡಿರಬೇಕು. ಅದಕ್ಕೇ 2018ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ಗಾಯದ ಒಳಗೆ ಮತ್ತು ಸುತ್ತ ಎಷ್ಟು ಹಿಡಿಯುತ್ತೋ ಅಷ್ಟು ಹಾಕಿ, ಮಿಕ್ಕಿದ್ದನ್ನು ದೂರದ ಮಾಂಸಖಂಡಕ್ಕೆ ಹಾಕುವುದರಿಂದ ಹೇಳಿಕೊಳ್ಳುವಂಥ ಲಾಭ ಇಲ್ಲ ಅಂತ ಹೇಳಿತು. ಗಾಯ ಹಲವು ಇದ್ದರೆ ಸಲೈನ್ ಬೆರೆಸಿ ಹೆಚ್ಚು ಮಾಡಿಕೊಂಡು ಪ್ರತಿ ಗಾಯಕ್ಕೂ ಹಾಕುತ್ತಾರೆ. ಒಂದೇ ಒಂದು ಹಲ್ಲಿನ ಗುರುತು ಬಿಟ್ಟರೂ ತೊಂದರೆಯೇ. ಹಾಗಾಗಿ ಐದಾರು ಕಡೆ ಚುಚ್ಚಿದ್ದು ಹಿಂಸೆ ಅನ್ನಿಸಿದರೂ ಅದು ಕಾಳಜಿಯ ಕೆಲಸ.

ಪ್ರಮಾಣ ತೂಕದ ಮೇಲೆ. ಮನುಷ್ಯರ ರಕ್ತದಿಂದ ಬಂದದ್ದಾದರೆ ಕಿಲೋಗೆ 20 ಯುನಿಟ್, ಕುದುರೆಯದ್ದಾದರೆ 40. ಮಗು 20 ಕಿಲೋ ಇದ್ದರೆ ಕುದುರೆಯದ್ದು 800 ಯುನಿಟ್. ಭಯಕ್ಕೆ ಇನ್ನೂ ಜಾಸ್ತಿ ಹಾಕಿ ಅನ್ನಬಾರದು. ಹೊರಗಿನ ಆ್ಯಂಟಿಬಾಡಿ ಮೈಯಲ್ಲಿ ವಿಪರೀತ ಇದ್ದರೆ ಅದು ಲಸಿಕೆಯ ವೈರಸ್ಸನ್ನೂ ಹಿಡಿದು ಮುಚ್ಚಿಬಿಡುತ್ತೆ, ಆಗ ಮಗಳ ಸ್ವಂತ ಬಿ-ಜೀವಕೋಶಗಳಿಗೆ ಅದು ಸರಿಯಾಗಿ ಕಾಣುವುದೇ ಇಲ್ಲ. ಲಸಿಕೆ ತೋಳಿಗೆ, ಆ್ಯಂಟಿಬಾಡಿ ಕಾಲಿಗೆ ಅಂತ ದೂರ ದೂರ ಹಾಕುವುದೂ, ಎರಡಕ್ಕೂ ಬೇರೆ ಬೇರೆ ಸಿರಿಂಜ್ ಬಳಸುವುದೂ ಇದೇ ಕಾರಣಕ್ಕೆ. ಮೊದಲ ದಿನ ಔಷಧಿ ಸಿಗದಿದ್ದರೆ, ಮೊದಲ ಲಸಿಕೆಯಿಂದ ಏಳು ದಿನದ ಒಳಗೆ ಹಾಕಿಸಬಹುದು. ಆಮೇಲೆ ಬೇಡ, ಆ ಹೊತ್ತಿಗೆ ಸ್ವಂತದ್ದು ಬರಲು ಶುರುವಾಗಿರುತ್ತೆ.

ಕುದುರೆಯ ಸೀರಮ್ ಅಂದ ತಕ್ಷಣ ಅಲರ್ಜಿ ಆಗಲ್ವಾ ಅಂತ ಕೇಳುತ್ತಾರೆ. ಹಿಂದೆ ಜಾಸ್ತಿ ಆಗುತ್ತಿತ್ತು. ಈಗ ಕುದುರೆಯ ಆ್ಯಂಟಿಬಾಡಿಯ ಬಾಲವನ್ನು ಪೆಪ್ಸಿನ್ ಅನ್ನುವ ಕಿಣ್ವದಿಂದ ಕತ್ತರಿಸಿ ತೆಗೆದು, ಎರಡು ಕೈಗಳ ಭಾಗವನ್ನಷ್ಟೇ ಶುದ್ಧ ಮಾಡಿ ಕೊಡುತ್ತಾರೆ. ಅಲರ್ಜಿ ಬಹಳ ಕಡಿಮೆಯಾಗಿದೆ. ನನಗೆ ಇದರಲ್ಲಿ ತುಂಬಾ ಕುತೂಹಲ ಅನ್ನಿಸುವುದು ಬೇರೆ ಒಂದು ಸಂಗತಿ. ಬಾಲ ಇಲ್ಲ ಅಂದರೆ ಬಿಳಿ ರಕ್ತಕಣವನ್ನು ಕರೆಯುವ ಕೆಲಸ ಇಲ್ಲ. ಆದರೂ ಈ ಔಷಧಿ ಕಾಪಾಡುತ್ತೆ. ಅಂದರೆ ರೇಬೀಸ್‌ನಲ್ಲಿ ಮೊಳೆಯ ಮೇಲೆ ಹೋಗಿ ಕೂತು ಅದನ್ನು ಮುಚ್ಚುವುದೇ ಎಷ್ಟು ದೊಡ್ಡ ಕೆಲಸ ಅಂತ ಗೊತ್ತಾಗುತ್ತೆ.

ಈಗ ಲ್ಯಾಬಿನಲ್ಲೇ ತಯಾರಿಸಿದ ಮೊನೊಕ್ಲೋನಲ್ ಆ್ಯಂಟಿಬಾಡಿಗಳೂ ನಮ್ಮ ದೇಶದಲ್ಲಿ ಬಂದಿವೆ. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ರೇಬಿಶೀಲ್ಡ್ ಒಂದೇ ಬಗೆಯ ಆ್ಯಂಟಿಬಾಡಿ. ಅಹಮದಾಬಾದಿನ ಝೈಡಸ್‌ನ ಟ್ವಿನ್‌ರ್ಯಾಬ್‌ನಲ್ಲಿ ಎರಡು ಬಗೆ ಇವೆ, ಒಂದೊಂದೂ ಜಿ-ಪ್ರೋಟೀನಿನ ಒಂದೊಂದು ಜಾಗ ಹಿಡಿಯುತ್ತೆ. ವೈರಸ್‌ನಲ್ಲಿ ಒಂದು ಜಾಗದ ಆಕಾರ ಸ್ವಲ್ಪ ಬದಲಾಗಿದ್ದರೂ ಇನ್ನೊಂದು ಹಿಡಿಯಲಿ ಅಂತ. ಕುದುರೆ ಬೇಡ, ದಾನಿಗಳ ರಕ್ತ ಬೇಡ, ಬೇಕಾದಷ್ಟು ತಯಾರಿಸಬಹುದು. ನಮ್ಮಂಥ ದೇಶಕ್ಕೆ ಇದು ದೊಡ್ಡ ವಿಷಯ, ತಾಲ್ಲೂಕು ಮಟ್ಟದಲ್ಲಿ ಯಾವತ್ತೂ ಸ್ಟಾಕ್ ಇರುವ ಹಾಗೆ ಆಗಲೇಬೇಕು.

ಇನ್ನು ‘ಇಮ್ಯುನಿಟಿ ಚೆನ್ನಾಗಿದೆ’ ಅನ್ನುವ ಮಾತು. ಇದನ್ನು ಸ್ವಲ್ಪ ನೇರವಾಗಿಯೇ ಹೇಳುತ್ತೇನೆ. ಜ್ವರ ಬರದೆ ಗಟ್ಟಿಮುಟ್ಟಾಗಿ ಇರುವುದಕ್ಕೂ ರೇಬೀಸ್ ತಡೆಯುವುದಕ್ಕೂ ಸಂಬಂಧ ಇಲ್ಲ. ರೇಬೀಸ್ ಮೊಳೆ ಹಿಡಿಯುವ ಆ್ಯಂಟಿಬಾಡಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ಕಷಾಯ, ಟಾನಿಕ್, ಇಮ್ಯುನಿಟಿ ಪುಡಿ ಯಾವುದೂ ಅದನ್ನು ತಂದುಕೊಡುವುದಿಲ್ಲ. ಮೈ ತಾನೇ ಮಾಡಿಕೊಳ್ಳಲಿ ಅಂತ ಬಿಟ್ಟರೆ ಏನಾಗುತ್ತೆ? ಈ ವೈರಸ್ ನರದೊಳಗೆ ಸದ್ದಿಲ್ಲದೆ ಸಾಗುತ್ತೆ, ಕೋಶಗಳನ್ನು ಒಡೆದು ಗಲಾಟೆ ಮಾಡುವುದಿಲ್ಲ, ಹಾಗಾಗಿ ರೋಗನಿರೋಧಕ ವ್ಯವಸ್ಥೆಗೆ ಸುಳಿವೇ ಹತ್ತುವುದಿಲ್ಲ. ಲಸಿಕೆ ಪಡೆಯದೆ ರೇಬೀಸ್ ಬಂದವರಲ್ಲಿ, ಲಕ್ಷಣ ಶುರುವಾದ ಮೊದಲ ದಿನಗಳಲ್ಲಿ ರಕ್ತ ಪರೀಕ್ಷೆ ಮಾಡಿದರೆ ಎಷ್ಟೋ ಸಲ ಆ್ಯಂಟಿಬಾಡಿ ಕಾಣುವುದೇ ಇಲ್ಲ. ಅಷ್ಟು ತಡ. ಸುಮ್ನೆ ಕಾಯುವಂಥ ಕಾಯಿಲೆ ಇದಲ್ಲ.

ಲಸಿಕೆ ಕಚ್ಚಿದ ಮೇಲೂ ಕೆಲಸ ಮಾಡುವುದು ಈ ನಿಧಾನದ ಪ್ರಯಾಣದಿಂದಲೇ. 1885ರ ಜುಲೈ 6ರಂದು ಪ್ಯಾರಿಸ್‌ನಲ್ಲಿ ಲೂಯಿ ಪಾಸ್ಚರ್ ಅವರ ಲಸಿಕೆ ಮೊದಲ ಸಲ ಪಡೆದ 9 ವರ್ಷದ ಜೋಸೆಫ್ ಮೈಸ್ಟರ್ ಬದುಕಿದ್ದೂ ಹೀಗೇ. ನಮ್ಮ ಹಿರಿಯರು ಹೇಳುವ ಹೊಕ್ಕುಳ ಸುತ್ತ 14 ಇಂಜೆಕ್ಷನ್ ಇತ್ತಲ್ಲ, ಕುರಿಯ ಮೆದುಳಿನಲ್ಲಿ ಬೆಳೆಸಿದ ವೈರಸ್‌ನಿಂದ ಮಾಡುತ್ತಿದ್ದ ಹಳೆಯ ಲಸಿಕೆ, ಅದು ಈಗ ಇಲ್ಲವೇ ಇಲ್ಲ. ಆ ಹೆದರಿಕೆ ಮಾತ್ರ ಇನ್ನೂ ಉಳಿದಿದೆ, ಅದರಿಂದ ಕೆಲವರು ಆಸ್ಪತ್ರೆಗೆ ಹೋಗದೆ ಗಾಯಕ್ಕೆ ಸುಣ್ಣ, ಮೆಣಸಿನ ಪುಡಿ ಹಚ್ಚಿ ಕೂರುತ್ತಾರೆ. ದಯವಿಟ್ಟು ಬೇಡ. ಹಚ್ಚಿದ್ದು ಗಾಯವನ್ನು ಕೆರಳಿಸುತ್ತೆ, ಹೊತ್ತೂ ಕಳೆಯುತ್ತೆ. ಮನೆಯಲ್ಲಿ ಮಾಡಬೇಕಾದ್ದು ಒಂದೇ, ಸೋಪು ಹಾಕಿ ನಲ್ಲಿ ನೀರಿನಡಿ 15 ನಿಮಿಷ ತೊಳೆಯುವುದು. ರೇಬೀಸ್ ವೈರಸ್‌ಗೆ ಕೊಬ್ಬಿನ ಹೊದಿಕೆ ಇರುವುದರಿಂದ ಸೋಪು ಅದನ್ನು ನಿಜವಾಗಿಯೂ ಹಾಳು ಮಾಡುತ್ತೆ.

ಆ್ಯಂಟಿಬಾಡಿ ಯಾವಾಗಲೂ ಒಳ್ಳೆಯದೇ ಅಂತಲೂ ಅಲ್ಲ. ಡೆಂಗಿಯಲ್ಲಿ ನಾಲ್ಕು ಬಗೆಯ ವೈರಸ್ ಇವೆ. ಒಂದು ಬಗೆಯಿಂದ ಬಂದ ಆ್ಯಂಟಿಬಾಡಿ ಇನ್ನೊಂದು ಬಗೆಯನ್ನು ಅರ್ಧಂಬರ್ಧ ಹಿಡಿದು, ಬಾಲದ ಮೂಲಕ ಬಿಳಿ ರಕ್ತಕಣದೊಳಗೇ ಸೇರಿಸಿಬಿಡಬಹುದು. ಎರಡನೇ ಸಲದ ಡೆಂಗಿ ಕೆಲವರಿಗೆ ಜೋರಾಗುವುದಕ್ಕೆ ಇದೊಂದು ಕಾರಣ. ನಿಮ್ಮ ಮಗಳ ರೇಬೀಸ್ ಚಿಕಿತ್ಸೆಯಲ್ಲಿ ಇಂಥ ಭಯ ಬೇಡ.

ಕೊನೆಯ ಪ್ರಶ್ನೆ, ಮತ್ತೆ ಕಚ್ಚಿದರೆ? ಇಷ್ಟು ಪಾಡು ಇರುವುದಿಲ್ಲ. ಲಸಿಕೆ ಪೂರ್ತಿ ಮುಗಿಸಿದವರ ಮೈಯಲ್ಲಿ ನೆನಪಿನ ಬಿ-ಜೀವಕೋಶಗಳು ವರ್ಷಗಟ್ಟಲೆ ಉಳಿಯುತ್ತವೆ. ಅವು ಮೊದಲಿನ ಸಲ ದುಗ್ಧಗ್ರಂಥಿಯಲ್ಲಿ ಸೋಸಿ ಸೋಸಿ ಆರಿಸಿದ, ಹಿಡಿತ ಗಟ್ಟಿಯಾದ ಕೋಶಗಳು. ಮತ್ತೆ ಲಸಿಕೆ ಕಂಡರೆ ಕೆಲವೇ ದಿನಗಳಲ್ಲಿ ಆ್ಯಂಟಿಬಾಡಿ ಏರಿಸುತ್ತವೆ. ಹಾಗಾಗಿ ಮತ್ತೆ ಕಚ್ಚಿದರೆ ಗಾಯ ತೊಳೆದು ಆಸ್ಪತ್ರೆಗೆ ಹೋಗಬೇಕು, ಮೊದಲ ದಿನ ಮತ್ತು ಅದಾಗಿ ಮೂರು ದಿನಕ್ಕೆ ಲಸಿಕೆ ಅಷ್ಟೇ. ಗಾಯಕ್ಕೆ ಚುಚ್ಚುವ ಆ್ಯಂಟಿಬಾಡಿ ಬೇಕಾಗುವುದಿಲ್ಲ. ಆದರೆ ಲಸಿಕೆ ಮುಗಿಸಿದ್ದಕ್ಕೆ ದಾಖಲೆ ತೋರಿಸಬೇಕು, ಇಲ್ಲದಿದ್ದರೆ ವೈದ್ಯರು ಮೊದಲಿನಿಂದ ಶುರು ಮಾಡುತ್ತಾರೆ, ಅದು ಸರಿಯೂ ಹೌದು.

ರಕ್ತದಲ್ಲಿ ಆ್ಯಂಟಿಬಾಡಿ ಎಷ್ಟಿದೆ ಅಂತ ಪರೀಕ್ಷೆ ಮಾಡಿಸಬೇಕಾ ಅಂತ ನೀವು ಮುಂದೆ ಕೇಳಬಹುದು. ಮಿಲಿಲೀಟರಿಗೆ 0.5 ಯುನಿಟ್ ಇದ್ದರೆ ಸಾಕು ಅಂತ ಲೆಕ್ಕ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಈ ಪರೀಕ್ಷೆ ಇದೆ. ಪಶುವೈದ್ಯರು, ಲ್ಯಾಬಿನಲ್ಲಿ ಈ ವೈರಸ್ ಜೊತೆ ಕೆಲಸ ಮಾಡುವವರು, ರೋಗನಿರೋಧಕ ಶಕ್ತಿ ಕುಗ್ಗಿಸುವ ಔಷಧಿಯಲ್ಲಿ ಇರುವವರು, ಇಂಥವರಿಗೆ ಅದು ಬೇಕು. ಆರೋಗ್ಯವಾಗಿರುವ ಮಗು ಲಸಿಕೆಯನ್ನು ಹೇಳಿದ ದಿನಕ್ಕೆ ಪಡೆದಿದ್ದರೆ ಬೇಕಿಲ್ಲ.

ತೋಳಿನ ಚರ್ಮಕ್ಕೆ ಹಾಕುವ ಕ್ರಮದಲ್ಲಿ ಮೊದಲ ದಿನವನ್ನು 0 ಅಂತ ಲೆಕ್ಕ ಹಿಡಿದು 0, 3, 7 ಮತ್ತು 28ನೇ ದಿನ ಲಸಿಕೆ. ಹೋದ ವಾರ ಕಚ್ಚಿದ್ದು ಅಂದಿದ್ದೀರಿ, ಹಾಗಾಗಿ 7ನೇ ದಿನದ್ದು ಈಗಲೇ ಬಂದಿರಬೇಕು, ಕಾರ್ಡ್ ತೆಗೆದು ನೋಡಿ. ಜನ ಬಿಟ್ಟುಬಿಡುವುದು 28ನೇ ದಿನದ್ದನ್ನು, ಗಾಯ ವಾಸಿಯಾಗಿರುತ್ತೆ, ಮರೆತೂ ಹೋಗಿರುತ್ತೆ. ಆ ದಿನಾಂಕವನ್ನು ಫೋನಿನಲ್ಲಿ ಇವತ್ತೇ ಹಾಕಿಕೊಳ್ಳಿ. ಪೂರ್ತಿ ತುಂಬಿದ ಕಾರ್ಡಿನ ಫೋಟೋ ತೆಗೆದು ಇಟ್ಟುಕೊಳ್ಳಿ, ಮುಂದೆ ಯಾವತ್ತಾದರೂ ಬೇಕಾದರೆ ಆಸ್ಪತ್ರೆಯಲ್ಲಿ ಮೊದಲು ಕೇಳುವುದು ಅದನ್ನೇ.